ಬೀದಿಗೆ ಬೆನ್ನು ಮಾಡಿದ ಮನೆಗಳು

ಪರದೇಶದಲ್ಲಿ ಒಂದು ಹಳೆಯ ಮನೆ ಕೊಳ್ಳುವುದು, ಅದನ್ನು ದುರಸ್ತಿ ಮಾಡಿಸಿ ಅಂದವಾಗಿ ಸಜ್ಜುಗೊಳಿಸುವುದು, ವರ್ಷದಲ್ಲಿ ಕೆಲವು ವಾರ ತಾವಿದ್ದು ಉಳಿದ ದಿನ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು - ಯೂರೋಪಿನ ಅನೇಕ ಉಳ್ಳವರಿಗೆ ಇದು ಬಹುಕಾಲದ ಕನಸು. ಈ ಕನಸು ಹೇರಳವಾಗಿ ನನಸಾದ ಊರುಗಳಲ್ಲಿ ಉತ್ತರ ಆಫ್ರಿಕದ ಮೊರಾಕ್ಕೊ ದೇಶದ ಮರಾಕೆಶ್ ಒಂದು. ಅಲ್ಲಿಯ 'ರಿಯಾದ್' ಮನೆಗಳು ಕುಸಿದು ಬೀಳುವ ಹಂತದಿಂದ ಎದ್ದು ನಿಂತ ಬಗೆ ಸ್ವಾರಸ್ಯಕರವಾಗಿದೆ. ಅದರೊಂದಿಗೆ, ಮನೆಯೊಂದನ್ನು ಉಳಿಸಿದ್ದೇವೆ ಎಂದರೆ ಏನನ್ನು ಉಳಿಸಿದಂತೆ ಎಂಬ ಪ್ರಶ್ನೆಯೂ ಏಳುತ್ತದೆ.

ಮರಾಕೆಶ್ 11ನೇ ಶತಮಾನದಲ್ಲಿ ಅಲ್ಮೊರಾವಿದ್ ದೊರೆಗಳು ಅಟ್ಲಾಸ್ ಪರ್ವತಗಳ ಉತ್ತರದ ಬಯಲಿನಲ್ಲಿ ಕಟ್ಟಿದ ನಗರ. ಕೆಂಪು ಮಣ್ಣನ್ನು ಹಲಗೆಗಳ ನಡುವೆ ಸುರಿದು ಕುಟ್ಟಿ ಎಬ್ಬಿಸಿದ ಕೋಟೆಗೋಡೆಯೊಳಗಿನ ಹಳೆಯ ಪಟ್ಟಣಕ್ಕೆ 'ಮದೀನಾ' ಎಂದು ಹೆಸರು. 1985ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮದೀನಾದ ಓಣಿಯಲ್ಲಿ ನಡೆಯುವವರಿಗೆ ಕಾಣುವುದು ಎರಡೂ ಬದಿಯ ಬೋಳು ಗೋಡೆ, ಅಲ್ಲೊಂದು ಇಲ್ಲೊಂದು ಬಾಗಿಲು. ಕಿಟಕಿ ಅಪರೂಪ. ಸಿರಿವಂತನ ಮನೆ ಯಾವುದು, ಬಡವನದು ಯಾವುದು ಎಂದು ಹೊರಗಿನಿಂದ ಹೇಳುವುದು ಕಷ್ಟ. ಬಾಗಿಲು ತೆರೆದರೂ ಒಳಗಿನದು ಕಣ್ಣಿಗೆ ಬೀಳದಂತೆ ನಡೆ ಒಂದು ತಿರುವು ಪಡೆದು ಅಂಗಳಕ್ಕೆ ತಲುಪುತ್ತದೆ. ಅಂಗಳವನ್ನು ಕಾಲುದಾರಿಗಳು ನಾಲ್ಕು ಪಾತಿಗಳಾಗಿ ವಿಂಗಡಿಸುತ್ತವೆ. ಪಾತಿಗಳಲ್ಲಿ ಕಿತ್ತಳೆ ಜಾತಿಯ ಮರಗಳು, ನಡುವೆ ಕಾರಂಜಿ, ಸುತ್ತ ಕೋಣೆಗಳು. ರಿಯಾದ್ ಎಂಬ ಅರಬ್ಬಿ ಮಾತಿಗೆ ತೋಟ ಎಂದೇ ಅರ್ಥ. ತೋಟವಿಲ್ಲದೆ ಬರಿಯ ಅಂಗಳವಿದ್ದರೆ ಆ ಮನೆ 'ದಾರ್'. ಈಗ ವ್ಯಾಪಾರದ ಮಾತಿನಲ್ಲಿ ಎಲ್ಲವೂ ರಿಯಾದ್‌ಗಳೇ!

ನಮ್ಮ ತೊಟ್ಟಿಮನೆಗಳನ್ನು ಕಂಡವರಿಗೆ ಈ ವಿನ್ಯಾಸ ತೀರ ಅಪರಿಚಿತವಲ್ಲ. ಆದರೆ ತೊಟ್ಟಿಮನೆಗೆ ಬೀದಿಯ ಕಡೆ ಜಗಲಿ ಉಂಟು. ಹೋಗಿಬರುವವರು ಅಲ್ಲಿ ಕುಳಿತು ಎರಡು ಮಾತಾಡಬಹುದು. ರಿಯಾದ್‌ಗೆ ಜಗಲಿಯಿಲ್ಲ. ಅದು ಬೀದಿಗೆ ಬೆನ್ನು ಮಾಡಿ ಕುಳಿತ ಮನೆ. ಬಿಸಿಲು ಧೂಳುಗಳಿಂದ ರಕ್ಷಣೆ ಒಂದು ಕಾರಣ. ಮನೆಯ ಬಾಳು ಮನೆಯವರಿಗೆ ಮಾತ್ರ ಎಂಬ ಭಾವನೆ ಇನ್ನೊಂದು.

ಪಾಳು ಬಿದ್ದದ್ದು ಹೇಗೆ?

1912ರಲ್ಲಿ ಮೊರಾಕ್ಕೊ ಫ್ರಾನ್ಸಿನ ಅಧೀನಕ್ಕೆ ಬಂದಿತು. ಅಲ್ಲಿಯ ಮೊದಲ ಫ್ರೆಂಚ್ ಅಧಿಪತಿ ಲ್ಯೋತೆ, ಹಳೆಯ ಪಟ್ಟಣಗಳನ್ನು ಕೆಡವದೆ ಹಾಗೆಯೇ ಬಿಟ್ಟು, ಯೂರೋಪಿಯನ್ನರಿಗಾಗಿ ಅವುಗಳ ಹೊರಗೆ ಹೊಸ ನಗರಗಳನ್ನು ಕಟ್ಟಿಸಿದ. ಮರಾಕೆಶ್‌ನಲ್ಲಿ ಹೀಗೆ ಹುಟ್ಟಿದ ಬಡಾವಣೆ ಗೆಲೀಜ್. ಈ ನೀತಿಯಿಂದ ಮದೀನಾ ಉಳಿಯಿತು. ಆದರೆ ಅಗಲ ರಸ್ತೆ, ಹೊಸ ಸೌಕರ್ಯಗಳೆಲ್ಲ ಕೋಟೆಯ ಹೊರಗೆ ಸೇರಿದವು. 1956ರಲ್ಲಿ ದೇಶ ಸ್ವತಂತ್ರವಾದ ಮೇಲೆ ಮದೀನಾದ ಅನುಕೂಲಸ್ಥ ಕುಟುಂಬಗಳು ಒಂದೊಂದಾಗಿ ಹೊಸ ಬಡಾವಣೆಗಳಿಗೆ ನಡೆದವು. ಹಳ್ಳಿಗಳಿಂದ ಬಂದ ಬಡವರು ಹಳೆಯ ಮನೆಗಳಲ್ಲಿ ಕೋಣೆಗೊಂದು ಸಂಸಾರದಂತೆ ಬಾಡಿಗೆಗೆ ಸೇರಿದರು. ಒಡೆಯ ದೂರದಲ್ಲಿ, ಬಾಡಿಗೆ ಅಲ್ಪ. ಹೀಗಿರುವಾಗ ಸೋರುವ ಮಾಳಿಗೆಯ ಚಿಂತೆ ಯಾರಿಗೆ?

ಈ ಮನೆಗಳ ಮೇಲೆ ವಿದೇಶಿಯರ ಕಣ್ಣು ಬಿದ್ದದ್ದು 1960ರ ದಶಕದಲ್ಲಿ. ಫ್ರೆಂಚ್ ಉಡುಪು ವಿನ್ಯಾಸಕಾರ ಈವ್ ಸಾಂ ಲೊರಾಂ 1966ರಲ್ಲಿ ಇಲ್ಲಿಗೆ ಬಂದು ಮಾರುಹೋಗಿ ಮದೀನಾದಲ್ಲೇ ಮನೆ ಕೊಂಡರು. ಅಮೆರಿಕದ ವಿನ್ಯಾಸಕಾರ ಬಿಲ್ ವಿಲ್ಲಿಸ್ ಇಲ್ಲಿಯೇ ನೆಲೆಸಿ ಸ್ಥಳೀಯ ಕುಶಲಕರ್ಮಿಗಳಿಂದ ಹಳೆಯ ಕೆಲಸಗಳನ್ನು ಹೊಸ ರೀತಿಯಲ್ಲಿ ಮಾಡಿಸಿದರು. ಅದು ಕೆಲವೇ ಶ್ರೀಮಂತರ ಹವ್ಯಾಸವಾಗಿತ್ತು. 1990ರ ದಶಕದಲ್ಲಿ ಬೆಲ್ಜಿಯಂನ ವಾಸ್ತುಶಿಲ್ಪಿ ಕ್ವೆಂಟಿನ್ ವಿಲ್ಬೋ ಮತ್ತು ಮರಾಕೆಶ್‌ನವರೇ ಆದ ಅಬ್ದೆಲತೀಫ್ ಐತ್ ಬೆನ್ ಅಬ್ದಲ್ಲಾ ಜೊತೆಗೂಡಿ ಶಿಥಿಲ ಮನೆಗಳ ಜೀರ್ಣೋದ್ಧಾರಕ್ಕೆ ತೊಡಗಿದರು. ದಶಕದ ಕೊನೆಗೆ ಫ್ರಾನ್ಸಿನಿಂದ ಕೊಳ್ಳುವವರ ಸಾಲೇ ಹರಿದುಬಂತು. 2006ರಲ್ಲಿ ಯೂರೋಪಿನ ಒಕ್ಕೂಟದೊಂದಿಗೆ ಮೊರಾಕ್ಕೊ ಮುಕ್ತ ವಿಮಾನಯಾನದ ಒಪ್ಪಂದ ಮಾಡಿಕೊಂಡಿತು. ಅಗ್ಗದ ವಿಮಾನಗಳು ಹೆಚ್ಚಿದವು. ಬಾಡಿಗೆಗೆ ಬರುವವರಿಗೂ ದಾರಿ ಸುಲಭವಾಯಿತು.

ಕೊಳ್ಳುವುದೂ ಒಂದು ವಿದ್ಯೆ

ಮೊರಾಕ್ಕೊದಲ್ಲಿ ವಿದೇಶಿಯರು ಕೃಷಿಭೂಮಿ ಕೊಳ್ಳುವಂತಿಲ್ಲ, ಪಟ್ಟಣದ ಮನೆ ಕೊಳ್ಳಬಹುದು. ತೊಡಕಿರುವುದು ಕಾಗದಪತ್ರಗಳಲ್ಲಿ. 1913ರಲ್ಲಿ ಫ್ರೆಂಚರು ಭೂನೋಂದಣಿ ವ್ಯವಸ್ಥೆ ತಂದರೂ ಮದೀನಾದ ಅನೇಕ ಮನೆಗಳು ಅದರೊಳಗೆ ಬರಲಿಲ್ಲ. 'ಅದೂಲ್' ಎಂಬ ಸಾಂಪ್ರದಾಯಿಕ ಪತ್ರಲೇಖಕರು ಬರೆದ ಅರಬ್ಬಿ ಪತ್ರವೇ ಅವುಗಳ ಹಕ್ಕುದಾಖಲೆ. ತಲೆಮಾರುಗಳಿಂದ ಪಾಲಾಗದೆ ಬಂದ ಮನೆಗೆ ಹತ್ತಾರು ವಾರಸುದಾರರು ಇರಬಹುದು. ಎಲ್ಲರ ಒಪ್ಪಿಗೆಯೂ ಬೇಕು. ಒಬ್ಬ ಪಾಲುದಾರ ತನ್ನ ಪಾಲನ್ನು ಹೊರಗಿನವರಿಗೆ ಮಾರಿದರೆ, ಉಳಿದವರು ಅದೇ ಬೆಲೆ ಕೊಟ್ಟು ತಾವೇ ಪಡೆಯುವ 'ಶುಫಾ' ಎಂಬ ಹಕ್ಕೂ ಉಂಟು. ಸಾಲದ್ದಕ್ಕೆ, ಒಬ್ಬನ ಕೋಣೆ ಪಕ್ಕದವನ ಅಡುಗೆಮನೆಯ ಮೇಲೆ ಚಾಚಿಕೊಂಡಿರುತ್ತದೆ. ಕಟ್ಟಡದ ಮೇಲಿನ ಬಯಲಿನಲ್ಲಿ ಮತ್ತೆ ಕಟ್ಟುವ ಅಧಿಕಾರಕ್ಕೆ ಅಲ್ಲಿನ ಕಾನೂನಿನಲ್ಲಿ 'ಹವಾ' ಎಂದೇ ಹೆಸರು. ನಮ್ಮ ಹವಾ, ಹವಾಮಾನಗಳಲ್ಲಿರುವುದೂ ಈ ಅರಬ್ಬಿ ಪದವೇ.

ಮಣ್ಣಿನ ಗೋಡೆ, ಸ್ನಾನದ ಮನೆ

ದುರಸ್ತಿಯ ಮೊದಲ ಪಾಠವನ್ನು ಓಣಿಯೇ ಕಲಿಸುತ್ತದೆ. ಲಾರಿ ಬಾರದ ಆ ಇಕ್ಕಟ್ಟಿನಲ್ಲಿ ಇಟ್ಟಿಗೆ, ಸುಣ್ಣ, ಮರಳು ಎಲ್ಲವೂ ಕತ್ತೆಯ ಬೆನ್ನಿನ ಮೇಲೆ ಅಥವಾ ಕೈಗಾಡಿಯಲ್ಲಿ ಬರಬೇಕು. ಕೆಡವಿದ ಮಣ್ಣೂ ಹಾಗೆಯೇ ಹೋಗಬೇಕು. ಎರಡನೆಯ ಪಾಠ ನೀರಿನದು. ಹಳೆಯ ಗೋಡೆಗಳು ಮಣ್ಣು ಮತ್ತು ಸುಣ್ಣದವು. ಹಿಂದೆ ಮನೆಯವರು ಸ್ನಾನಕ್ಕೆ ಕೇರಿಯ ಹಮ್ಮಾಮಿಗೆ ಹೋಗುತ್ತಿದ್ದರು. ಮನೆಯಲ್ಲಿ ನೀರಿನ ಬಳಕೆ ಕಡಿಮೆಯಿತ್ತು. ಅತಿಥಿಗಳಿಗಾದರೋ ಕೋಣೆಗೊಂದು ಬಚ್ಚಲು, ಅಂಗಳದಲ್ಲಿ ಈಜುಕೊಳ ಬೇಕು. ಕೊಳವೆ ಸೋರಿದರೆ ಗೋಡೆ ಒಳಗಿಂದೊಳಗೇ ಕರಗುತ್ತದೆ. ಮೇಲೆ ಸಿಮೆಂಟು ಮೆತ್ತಿದ್ದರಂತೂ ತೇವ ಹೊರಗೆ ಹೋಗಲಾರದೆ ಕೇಡು ಇಮ್ಮಡಿಯಾಗುತ್ತದೆ. ಆ ಗೋಡೆ ಪಕ್ಕದ ಮನೆಯದೂ ಆಗಿರುವುದರಿಂದ ನಷ್ಟ ಒಬ್ಬರಿಗೇ ನಿಲ್ಲದು.

ಇದಕ್ಕೆ ಹಳಬರೇ ಕಂಡುಕೊಂಡ ಉಪಾಯ 'ತದಲಾಕ್ತ್' ಗಾರೆ. ಮರಾಕೆಶ್ ಸುತ್ತಲಿನ ಸುಣ್ಣವನ್ನು ಕಲಸಿ ಬಳಿದು, ನುಣುಪಾದ ಕಲ್ಲಿನಿಂದ ಒತ್ತಿ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸಾಬೂನನ್ನು ಸವರುತ್ತಾರೆ. ಸುಣ್ಣ ಮತ್ತು ಸಾಬೂನು ಸೇರಿ ನೀರಿನಲ್ಲಿ ಕರಗದ ಪದರವೊಂದು ಉಂಟಾಗುತ್ತದೆ. ಹಮ್ಮಾಮು, ನೀರಿನ ತೊಟ್ಟಿಗಳಿಗೆ ಬಳಕೆಯಾಗುತ್ತಿದ್ದ ಈ ಗಾರೆ ಇಂದು ಶಯನಗೃಹಗಳಿಗೂ ಬಂದಿದೆ. 'ಜೆಲ್ಲಿಜ್' ಇನ್ನೊಂದು ಕೌಶಲ. ಬಣ್ಣದ ಮೆರುಗು ಕೊಟ್ಟು ಸುಟ್ಟ ಬಿಲ್ಲೆಗಳನ್ನು ಉಳಿಯಿಂದ ಸಣ್ಣ ಚೂರುಗಳಾಗಿ ಕತ್ತರಿಸಿ, ನಕ್ಷತ್ರದ ಚಿತ್ತಾರ ಮೂಡುವಂತೆ ಜೋಡಿಸುತ್ತಾರೆ. ಜೋಡಿಸುವಾಗ ಬಣ್ಣದ ಮುಖ ಕೆಳಗಿರುತ್ತದೆ. ಚಿತ್ತಾರ ಇರುವುದು ಕೆಲಸಗಾರನ ಮನಸ್ಸಿನಲ್ಲಿ. ಕೆತ್ತಿದ ದೇವದಾರು ಮರ, ಕೊರೆದ ಜಿಪ್ಸಂ ಗಾರೆ, ಅಟ್ಲಾಸ್ ಹಳ್ಳಿಗಳ ಹೆಂಗಸರು ನೇಯ್ದ ಕಂಬಳಿಗಳು - ಮನೆಯ ಸಜ್ಜಿಕೆಯೆಲ್ಲ ಇಂಥದೇ. ಬೇಡಿಕೆ ಕುಗ್ಗಿ ಸೊರಗಿದ್ದ ಈ ಕಸುಬುಗಳಿಗೆ ಮತ್ತೆ ಕೈತುಂಬ ಕೆಲಸ ಬಂದುದರಲ್ಲಿ ವಿದೇಶಿಯರ ಎರಡನೆಯ ಮನೆಗಳ ಪಾತ್ರ ದೊಡ್ಡದು. ಇದನ್ನು ಒಪ್ಪಲೇಬೇಕು.

ಬಾಡಿಗೆ ಮತ್ತು ಕೇರಿ

ಆದರೆ ಮನೆ ಬಾಡಿಗೆಗೆ ನಿಂತೊಡನೆ ಅದರ ಸ್ವಭಾವ ಬದಲಾಗುತ್ತದೆ. 2002ರಲ್ಲಿ ಮೊರಾಕ್ಕೊ ಸರಕಾರ ಕಾನೂನಿನ ಮೂಲಕ 'ಅತಿಥಿಗೃಹ' ಎಂಬ ವರ್ಗವನ್ನೇ ಗುರುತಿಸಿ ಪರವಾನಗಿಯ ಚೌಕಟ್ಟಿಗೆ ತಂದಿತು. ಕಾನೂನು ಪಾಯಖಾನೆ, ಅಗ್ನಿಸುರಕ್ಷತೆಗಳನ್ನು ನೋಡಬಲ್ಲುದು. ನೆರೆಹೊರೆಯನ್ನು ನೋಡುವುದು ಕಷ್ಟ. ಮದೀನಾದ ಮಾಳಿಗೆಗಳು ಹಿಂದೆ ಹೆಂಗಸರ ಲೋಕವಾಗಿದ್ದವು. ಬಟ್ಟೆ ಒಣಗಿಸುವುದು, ನೆರೆಯವಳೊಡನೆ ಹರಟುವುದು ಎಲ್ಲ ಅಲ್ಲೇ. ಇಂದು ಅದೇ ಮಾಳಿಗೆಯಲ್ಲಿ ಪ್ರವಾಸಿಗರು ಬಿಸಿಲು ಕಾಯಿಸುತ್ತ, ಸುತ್ತಲಿನ ಅಂಗಳಗಳನ್ನು ಇಣುಕುತ್ತ ಕುಳಿತಿರುತ್ತಾರೆ. ಬೀದಿಗೆ ಬೆನ್ನು ಮಾಡಿ ಕಾಯ್ದುಕೊಂಡಿದ್ದ ಏಕಾಂತ ಆಕಾಶದ ಕಡೆಯಿಂದ ಬಯಲಾಯಿತು.

ಬೆಲೆಯ ಮಾತು ಬೇರೆ. ವಿದೇಶಿ ಹಣ ಬಂದಲ್ಲಿ ಮನೆಯ ಬೆಲೆ ಏರಿತು. ಮಾರಿದವರಿಗೆ ಹೊರಗಿನ ಬಡಾವಣೆಯಲ್ಲಿ ಹೊಸ ಮನೆ ದಕ್ಕಿತು. ಕೋಣೆಯ ಬಾಡಿಗೆದಾರರು ಜಾಗ ಬಿಡಬೇಕಾಯಿತು. ಅಡುಗೆಯವರು, ಕಾವಲುಗಾರರು, ಕಸಗುಡಿಸುವವರು ಎಂದು ಎಷ್ಟೋ ಮಂದಿಗೆ ಉದ್ಯೋಗ ಸಿಕ್ಕಿದ್ದೂ ನಿಜ. ಅತಿಥಿಯನ್ನೇ ನಂಬಿದ ಬಾಳು ಎಷ್ಟು ನಾಜೂಕಿನದು ಎಂಬುದು 2020ರ ಮಾರ್ಚಿಯಲ್ಲಿ, ಕೊರೊನಾದಿಂದಾಗಿ ದೇಶ ಗಡಿ ಮುಚ್ಚಿದಾಗ ಅರಿವಾಯಿತು. 2023ರ ಸೆಪ್ಟೆಂಬರ್ 8ರ ರಾತ್ರಿ ಅಟ್ಲಾಸ್ ಸೀಮೆಯಲ್ಲಿ 6.8 ತೀವ್ರತೆಯ ಭೂಕಂಪ ಸಂಭವಿಸಿ 2,900ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನ ಸಾವು ಬೆಟ್ಟದ ಹಳ್ಳಿಗಳಲ್ಲಾದರೂ ಮದೀನಾದ ಹಳೆಯ ಮನೆಗಳೂ ಬಿರುಕು ಬಿಟ್ಟವು, ಕೆಲವು ಕುಸಿದವು.

ಮದೀನಾದ ಪ್ರತಿ ಕೇರಿಗೂ ಹಿಂದಿನಿಂದ ಒಂದು ಮಸೀದಿ, ಒಂದು ಹಮ್ಮಾಮು, ನೀರಿನ ನಲ್ಲಿ, ಮಕ್ಕಳ ಪಾಠಶಾಲೆ ಮತ್ತು ಸಾರ್ವಜನಿಕ ಒಲೆ ಇರುತ್ತಿದ್ದವು. ಮನೆಮನೆಯ ಹೆಂಗಸರು ಹಿಟ್ಟು ನಾದಿ ಹಲಗೆಯ ಮೇಲಿಟ್ಟು ಕಳಿಸುತ್ತಿದ್ದರು. ಒಲೆಯವನು ರೊಟ್ಟಿಯ ಗುರುತಿನಿಂದಲೇ ಯಾವ ಮನೆಯದೆಂದು ತಿಳಿದು ಬೇಯಿಸಿ ಕೊಡುತ್ತಿದ್ದ. ಅತಿಥಿಗಳು ಹಿಟ್ಟು ನಾದುವುದಿಲ್ಲ. ಆದ್ದರಿಂದ ಹೊರನಾಡಿನಲ್ಲಿ ಮನೆ ಕೊಂಡು ಸಿಂಗರಿಸುವವರು ತಮ್ಮ ಅಂಗಳದ ಕಾರಂಜಿಯನ್ನು ಮಾತ್ರ ನೋಡಿದರೆ ಸಾಲದು. ಆ ಓಣಿಯ ಒಲೆಗೆ ಇನ್ನೂ ಎಷ್ಟು ಮನೆಯ ಹಿಟ್ಟು ಬರುತ್ತಿದೆ ಎಂದೂ ಕೇಳಬೇಕು. ಉಳಿದಿರುವುದು ಕಟ್ಟಡವೋ ಊರೋ ಎಂಬುದು ಆ ಉತ್ತರದಿಂದ ತಿಳಿಯುತ್ತದೆ.