ಸುಡುವ ಮಸಿ, ಉಳಿಯುವ ಬೂದಿ: ಲಾರಿಯ ಡಿಪಿಎಫ್ ಲೆಕ್ಕ

2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಗೆ ಬಂದಾಗ ಭಾರಿ ಡೀಸೆಲ್ ವಾಹನಗಳ ಹೊಗೆಯಲ್ಲಿನ ಕಣಗಳ ತೂಕದ ಮಿತಿ ಕಿಲೋವ್ಯಾಟ್-ಗಂಟೆಗೆ 0.03 ಗ್ರಾಂನಿಂದ 0.01ಕ್ಕೆ ಇಳಿಯಿತು. ಅದಕ್ಕಿಂತ ಬಿಗಿಯಾದದ್ದು ಹೊಸದಾಗಿ ಬಂದ ಎಣಿಕೆಯ ಮಿತಿ: ಕಿಲೋವ್ಯಾಟ್-ಗಂಟೆಗೆ 60,000 ಕೋಟಿ ಕಣ. ಅಷ್ಟು ಸಣ್ಣ ಕಣಗಳನ್ನು ಹಿಡಿಯಲು ಸೈಲೆನ್ಸರ್ ಸಾಲಿಗೆ ಸೆರಾಮಿಕ್ ಜಾಲರಿಯೇ ಬೇಕಾಯಿತು. ಅದೇ ಡಿಪಿಎಫ್, ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್.

ಜಾಲರಿಯಲ್ಲಿ ಕೂರುವುದು ಎರಡು ಸರಕು. ಒಂದು ಮಸಿ. ಹೊಗೆ 250ರಿಂದ 400 ಡಿಗ್ರಿ ಬಿಸಿ ಇದ್ದರೆ ಅದು ಓಡುತ್ತಲೇ ನಿಧಾನವಾಗಿ ಸುಡುತ್ತದೆ. ಶಿರಾಡಿ ಘಾಟಿ ಹತ್ತುವ ತುಂಬಿದ ಲಾರಿಗೆ ಈ ಬಿಸಿ ತಾನಾಗಿ ಸಿಗುತ್ತದೆ. ಬೆಂಗಳೂರಿನ ಸೈಟಿನ ಮುಂದೆ ಡ್ರಮ್ ತಿರುಗಿಸುತ್ತ ನಿಲ್ಲುವ ಕಾಂಕ್ರೀಟ್ ಮಿಕ್ಸರ್‌ಗೆ ಸಿಗುವುದಿಲ್ಲ. ಆಗ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಸುಮಾರು 600 ಡಿಗ್ರಿಗೆ ಏರಿಸಬೇಕು, ಇದೇ ರೀಜನರೇಷನ್. ಒಂದು ಸಲಕ್ಕೆ 3 ಲೀಟರ್, 40 ನಿಮಿಷ ಎಂದಿಟ್ಟುಕೊಳ್ಳಿ. ದಿನಕ್ಕೊಮ್ಮೆ ಬೇಕಾದರೆ, ವರ್ಷದ 300 ದಿನಕ್ಕೆ 900 ಲೀಟರ್. ಲೀಟರಿಗೆ 91 ರೂಪಾಯಿಯಂತೆ 81,900 ರೂಪಾಯಿ. ಗಾಡಿ ನಿಂತದ್ದು 200 ಗಂಟೆ. ಫಿಲ್ಟರ್ ತೊಳೆಸುವ ಬಿಲ್ಲಿಗೆ ಬೆಚ್ಚುವ ಮಾಲೀಕರು ಈ ಸೋರಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡನೆಯದು ಬೂದಿ. ಇದು ಡೀಸೆಲ್‌ನದಲ್ಲ, ಹೆಚ್ಚಿನದು ಎಂಜಿನ್ ಆಯಿಲ್‌ನ ಕ್ಯಾಲ್ಸಿಯಂ, ಸತು, ಮೆಗ್ನೀಸಿಯಂಗಳದ್ದು. ಎಷ್ಟು ಬಿಸಿ ಮಾಡಿದರೂ ಸುಡದು. ವರ್ಷಕ್ಕೆ 1 ಲಕ್ಷ ಕಿಲೋಮೀಟರ್ ಓಡಿ, ಲೀಟರಿಗೆ 4 ಕಿಲೋಮೀಟರ್ ಕೊಡುವ ಲಾರಿ 25,000 ಲೀಟರ್ ಡೀಸೆಲ್ ಕುಡಿಯುತ್ತದೆ. ಅದರ ಸಾವಿರದಲ್ಲೊಂದು ಪಾಲು ಆಯಿಲ್ ಸುಟ್ಟರೆ 25 ಲೀಟರ್, ಅಂದರೆ 22 ಕಿಲೋ. ಸಿಕೆ-4 ದರ್ಜೆಯ ಆಯಿಲ್‌ಗೆ ಬೂದಿಯ ಮಿತಿ ಶೇ. 1, ಹಾಗಾಗಿ ವರ್ಷಕ್ಕೆ ಹೆಚ್ಚೆಂದರೆ 220 ಗ್ರಾಂ. ಅಗ್ಗವೆಂದು ಶೇ. 1.5 ಬೂದಿಯ ಹಳೆಯ ದರ್ಜೆಯ ಆಯಿಲ್ ಸುರಿದರೆ 330 ಗ್ರಾಂ. ಸಿಕೆ-4 ಹಾಕಿದ ಲಾರಿ 2.4 ಲಕ್ಷ ಕಿಲೋಮೀಟರಿಗೆ ಕೂಡಿಸುವ ಬೂದಿಯನ್ನು ಹಳೆಯ ಆಯಿಲ್ ಹಾಕಿದ್ದು 1.6 ಲಕ್ಷಕ್ಕೇ ಕೂಡಿಸುತ್ತದೆ. ಈ ಬೂದಿಯೆಲ್ಲ ಫಿಲ್ಟರ್‌ನಲ್ಲೇ ನಿಲ್ಲುವುದಿಲ್ಲ, ನಿಜ. ಆದರೆ ಅನುಪಾತ ಇದೇ. ಟರ್ಬೊ ಸೀಲ್ ಸವೆದು ಆಯಿಲ್ ಇಮ್ಮಡಿ ಸುಟ್ಟರೆ, ಒಳ್ಳೆಯ ಆಯಿಲ್ ಹಾಕಿದ್ದರೂ 1.2 ಲಕ್ಷಕ್ಕೇ ಅದೇ ಮಟ್ಟ. 2.4 ಲಕ್ಷವೆಂಬ ಅಂಕಿ ಸುಮ್ಮನೆ ಹಿಡಿದದ್ದಲ್ಲ: ಅಮೆರಿಕದ ನಿಯಮದಲ್ಲಿ ಭಾರಿ ಎಂಜಿನ್‌ಗಳ ಫಿಲ್ಟರ್‌ಗೆ 1,50,000 ಮೈಲಿಗಿಂತ, ಅಂದರೆ ಸುಮಾರು 2.4 ಲಕ್ಷ ಕಿಲೋಮೀಟರಿಗಿಂತ, ಮೊದಲೇ ಸರ್ವಿಸ್ ನಿಗದಿಪಡಿಸುವಂತಿಲ್ಲ.

ಜಾಲರಿಯನ್ನೇ ಕತ್ತರಿಸಿ ಬಿಸಾಡುವ ಗ್ಯಾರೇಜುಗಳಿವೆ. ಅಂಥ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ. ನನಗೆ ಅದಕ್ಕಿಂತ ಭಾರವಾಗಿ ಕಾಣುವುದು ಬೇರೆ: ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ಅದನ್ನು ಮೊದಲು ಉಸಿರಾಡುವವರು ಚಾಲಕ, ಕ್ಲೀನರ್, ಮೆಕ್ಯಾನಿಕ್.

ಲಾಗ್‌ಬುಕ್‌ನಲ್ಲಿ ಒಂದು ಕಾಲಂ ಹೆಚ್ಚಿಸಿ: ಎರಡು ರೀಜನರೇಷನ್‌ಗಳ ನಡುವಿನ ಕಿಲೋಮೀಟರ್. ಓಡುವ ದಾರಿ, ಹೊರೆ ಬದಲಾಗದೆ ಆ ಅಂಕಿ ಅರ್ಧಕ್ಕಿಳಿದರೆ ಮೊದಲು ಇಂಜೆಕ್ಟರ್, ಟರ್ಬೊ, ಇಜಿಆರ್ ವಾಲ್ವ್, ಪ್ರೆಷರ್ ಸೆನ್ಸರ್ ನೋಡಿಸಿ. ಫಿಲ್ಟರ್ ಬಿಚ್ಚುವುದು ಆಮೇಲೆ.