‘ಮೀಡಿಯಂ ಮಾಡಿ ಅಣ್ಣ’ ಅಂದ್ರೆ ಸಾಲಲ್ಲ: ಹುಡುಗರ ಮೀಡಿಯಂ ಕೂದಲಿನ ಲೆಕ್ಕಾಚಾರ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ನಾನು ಓದಿದ್ದು ಬಿಕಾಂ, ಮಾತಾಡೋದು ಹೆಚ್ಚಾಗಿ ಸಂಬಳ, ಸಾಲ, ಉಳಿತಾಯದ ಬಗ್ಗೆ. ಆದ್ರೆ ಇವತ್ತಿನ ವಿಷಯ ಜೇಬಿಂದಲ್ಲ, ತಲೆ ಮೇಲಿಂದು. ಮೀಡಿಯಂ ಉದ್ದದ ಕೂದಲನ್ನ ಹೇಗೆ ಬಿಡೋದು, ಯಾವ ಕಟಿಂಗ್ ಆರಿಸೋದು, ದಿನಾ ಹೇಗೆ ನೋಡ್ಕೊಳ್ಳೋದು.

ಮೊದಲು ನನ್ನ ಕಥೆ ಕೇಳಿ. ಅಕ್ಕನ ಮದುವೆಗೆ ಅಂತ ಏಳು ತಿಂಗಳು ಕೂದಲು ಬಿಟ್ಟಿದ್ದೆ. ಮದುವೆಗೆ ಹತ್ತು ದಿನ ಇದೆ ಅನ್ನೋವಾಗ ಸ್ವಲ್ಪ ಶೇಪ್ ಮಾಡಿಸೋಣ ಅಂತ ಭಾನುವಾರ ಬೆಳಗ್ಗೆ ಕಟಿಂಗ್ ಶಾಪಿಗೆ ಹೋದೆ. ಹಿಂದೆ ಐದು ಜನ ಕಾಯ್ತಿದ್ರು. ‘ಏನ್ ಸರ್, ಶಾರ್ಟಾ, ಮೀಡಿಯಮ್ಮಾ?’ ಅಂದ್ರು. ‘ಮೀಡಿಯಂ ಅಣ್ಣ’ ಅಂತ ಹೇಳಿ ಮೊಬೈಲ್ ನೋಡ್ತಾ ಕೂತೆ. ತಲೆ ಎತ್ತೋ ಹೊತ್ತಿಗೆ ಎಡಗಡೆ ಪೂರ್ತಿ ಮಿಷನ್ ಹೊಡೆದಾಗಿತ್ತು. ಮದುವೆ ಆಲ್ಬಮ್‌ನಲ್ಲಿ ನಾನು ಇವತ್ತಿಗೂ ಪೊಲೀಸ್ ಟ್ರೈನಿಂಗ್‌ನಿಂದ ರಜೆ ಹಾಕಿ ಬಂದವನ ಥರ ಕಾಣ್ತೀನಿ.

ಆ ಅಣ್ಣನ ತಪ್ಪಲ್ಲ ಅದು. ಅವರ ಲೆಕ್ಕದಲ್ಲಿ ಮೀಡಿಯಂ ಅಂದ್ರೆ ಸಮ್ಮರ್ ಕಟ್‌ಗಿಂತ ಸ್ವಲ್ಪ ಜಾಸ್ತಿ. ನನ್ನ ಲೆಕ್ಕದಲ್ಲಿ ಮೀಡಿಯಂ ಅಂದ್ರೆ ಫೋನಲ್ಲಿ ನೋಡಿದ್ದ ಫೋಟೋ. ಇಬ್ಬರ ಬಾಯಲ್ಲೂ ಒಂದೇ ಪದ, ಮನಸ್ಸಲ್ಲಿ ಬೇರೆ ಬೇರೆ ಅಳತೆ. ಇವತ್ತಿನ ಎಪಿಸೋಡಿಂದ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಕುರ್ಚಿಯಲ್ಲಿ ಕೂತಾಗ ಎಷ್ಟು ಕತ್ತರಿಸಬೇಕು ಅಂತ ಹೇಳ್ಬೇಡಿ, ಎಲ್ಲೆಲ್ಲಿ ಎಷ್ಟು ಉಳಿಸಬೇಕು ಅಂತ ಹೇಳಿ.

ಮೀಡಿಯಂ ಅಂದ್ರೆ ಎಷ್ಟು?

ಅಂದಾಜಾಗಿ ನೆತ್ತಿ ಮೇಲೆ 3ರಿಂದ 6 ಇಂಚು. ಪಕ್ಕದ ಕೂದಲು ಕಿವಿಯ ಮೇಲ್ಭಾಗಕ್ಕೆ ತಾಗಬೇಕು, ಅಥವಾ ಕಿವಿ ಹಿಂದೆ ಸಿಗಿಸೋಕೆ ಬರಬೇಕು. ಸ್ಕೇಲ್ ಬೇಡ. ನಾಲ್ಕು ಬೆರಳು ಸೇರಿಸಿ ಅಡ್ಡ ಹಿಡಿದ್ರೆ ಸುಮಾರು 3 ಇಂಚು. ಮುಂದಿನ ಕೂದಲು ಹಿಡಿದೆಳೆದಾಗ ಅಷ್ಟು ಅಗಲ ದಾಟಿದ್ರೆ ನೀವು ಮೀಡಿಯಂ ಊರಿನ ಗಡಿ ಮುಟ್ಟಿದ್ದೀರಿ.

ತಲೆಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತೆ. ಅಯ್ಯಪ್ಪ ಮಾಲೆ ಹಾಕಿ 41 ದಿನ ಕತ್ತರಿ ಮುಟ್ಟಿಸದೇ ಇದ್ರೂ ಬರೋದು ಒಂದೂವರೆ ಸೆಂಟಿಮೀಟರ್ ಆಸುಪಾಸು. 1 ಇಂಚಿನ ಕ್ರಾಪಿಂದ 4 ಇಂಚಿಗೆ ಬರಬೇಕು ಅಂದ್ರೆ ಏಳೂವರೆ ಸೆಂಟಿಮೀಟರ್, ಅಂದ್ರೆ ಆರೇಳು ತಿಂಗಳು. ಬ್ಯಾಂಕಲ್ಲಿ ಆರ್‌ಡಿ ಕಟ್ಟಿದ ಹಾಗೆ ಇದು. ಕಂತು ಚಿಕ್ಕದು, ತಪ್ಪದೇ ಬರುತ್ತೆ. ಮಧ್ಯದಲ್ಲಿ ಬೇಜಾರಾಗಿ ಮುರಿಸಿದ್ರೆ ಮತ್ತೆ ಮೊದಲಿಂದ ಶುರು. ಬೆಳೆಯೋ ವೇಗ ಡಬಲ್ ಮಾಡ್ತೀವಿ ಅನ್ನೋ ಎಣ್ಣೆಗಳ ಜಾಹೀರಾತು ನಂಬೋ ಮುಂಚೆ ಈ ಲೆಕ್ಕ ನೆನಪಿರಲಿ.

ಆರಿಸೋದು ಹೇಗೆ?

2018ರಲ್ಲಿ ಕೆಜಿಎಫ್ ಬಂದ ಮೇಲೆ ಯಶ್ ಥರ ಕೂದಲು, ಗಡ್ಡ ಬಿಟ್ಟವರು ನಮ್ಮ ಕ್ಲಾಸಲ್ಲೇ ಇದ್ರು. ಇಬ್ಬರಿಗೆ ಒಪ್ಪಿತು, ಉಳಿದವರಿಗೆ ಇಲ್ಲ. ಕಾರಣ ಮುಖ ಅಲ್ಲ, ಕೂದಲ ಜಾತಕ. ಆದ್ದರಿಂದ ಫೋಟೋ ಹುಡುಕೋ ಮುಂಚೆ ಒಂದು ಪರೀಕ್ಷೆ ಮಾಡಿ. ತಲೆ ಸ್ನಾನ ಮಾಡಿ, ಬಾಚಬೇಡಿ, ಏನೂ ಹಚ್ಚಬೇಡಿ, ಫ್ಯಾನ್ ಕೆಳಗೆ ತಾನಾಗೇ ಒಣಗೋಕೆ ಬಿಡಿ. ಆಮೇಲೆ ಕನ್ನಡಿ ನೋಡಿ.

ನೇರವಾಗಿ ಬಿದ್ದಿದ್ರೆ ನಿಮ್ಮದು ನೆಟ್ಟನೆ ಕೂದಲು. ಇದಕ್ಕೆ ಲೇಯರ್ ಬೇಕು, ಇಲ್ಲಾಂದ್ರೆ ಟೋಪಿ ಇಟ್ಟ ಹಾಗೆ ಕಾಣುತ್ತೆ. ಪಕ್ಕದ ಬೈತಲೆ, ನಡು ಬೈತಲೆ ಎರಡೂ ಒಪ್ಪುತ್ತೆ. ಅಲೆಅಲೆಯಾಗಿದ್ರೆ ನೀವು ಅದೃಷ್ಟವಂತರು. ಹಿಂದಕ್ಕೆ ಬಾಚಿ ಬಿಡೋ ಸ್ಟೈಲ್ ಈ ಕೂದಲಿಗೆ ಕಡಿಮೆ ಶ್ರಮದಲ್ಲಿ ಬರುತ್ತೆ. ಗುಂಗುರಾಗಿದ್ರೆ ಒಂದು ಎಚ್ಚರ: ಒದ್ದೆಯಾಗಿದ್ದಾಗ ಉದ್ದ ಕಾಣೋದು ಒಣಗಿದ ಮೇಲೆ ಮೇಲಕ್ಕೆ ಸೇರ್ಕೊಳ್ಳುತ್ತೆ. ನೀರು ಚಿಮುಕಿಸಿ ಎಳೆದು ಕತ್ತರಿಸಿದ್ರೆ ನೀವು ಅಂದ್ಕೊಂಡಿದ್ದಕ್ಕಿಂತ ಗಿಡ್ಡ ಆಗೋದು ಗ್ಯಾರಂಟಿ. ‘ಒಣಗಿದ್ದಾಗಲೇ ಮಾಡಿ ಅಣ್ಣ’ ಅಂತ ಕೇಳಿ, ಇಲ್ಲಾ ಒಂದು ಇಂಚು ಜಾಸ್ತಿ ಉಳಿಸೋಕೆ ಹೇಳಿ.

ಇನ್ನೊಂದು, ಸುಳಿ. ಎರಡು ಸುಳಿ ಇದ್ರೆ ಎರಡು ಮದುವೆ ಅಂತ ಅಜ್ಜಿ ಹೇಳ್ತಿದ್ರಲ್ಲ, ಅದೇ. ಮದುವೆ ಗೊತ್ತಿಲ್ಲ, ಬೈತಲೆ ಎಲ್ಲಿ ಬರಬೇಕು ಅಂತ ತೀರ್ಮಾನ ಮಾಡೋದು ಮಾತ್ರ ಸುಳಿ. ಅದು ತಿರುಗೋ ದಿಕ್ಕಿಗೇ ಕೂದಲು ಹಾಕಿದ್ರೆ ಮಾತು ಕೇಳುತ್ತೆ, ಎದುರು ಹಾಕಿದ್ರೆ ಸಂಜೆಯೊಳಗೆ ಎದ್ದು ನಿಲ್ಲುತ್ತೆ. ಸುಳಿ ಇರೋ ಜಾಗದಲ್ಲಿ ತೀರಾ ಗಿಡ್ಡ ಮಾಡಿಸಿದ್ರೂ ಅದೇ ಗತಿ, ಅಲ್ಲಿ ಸ್ವಲ್ಪ ಭಾರ ಉಳಿಯಬೇಕು.

ಮುಖದ ಆಕಾರ ಆಮೇಲಿನ ಮಾತು. ದುಂಡು ಮುಖಕ್ಕೆ ಮೇಲೆ ಎತ್ತರ, ಪಕ್ಕದಲ್ಲಿ ಕಡಿಮೆ. ಉದ್ದ ಮುಖಕ್ಕೆ ಉಲ್ಟಾ: ಪಕ್ಕದಲ್ಲಿ ತುಂಬಿಕೊಂಡಿರಲಿ, ಮೇಲೆ ಜಾಸ್ತಿ ಎತ್ತರ ಬೇಡ. ಅಗಲ ಹಣೆಗೆ ಮುಂಗೂದಲು ಓರೆಯಾಗಿ ಬೀಳಲಿ. ಇಷ್ಟು ಸಾಕು.

ಕುರ್ಚಿಯಲ್ಲಿ ಹೇಳಬೇಕಾದ ಮಾತುಗಳು

ಭಾನುವಾರ ಹೋಗ್ಬೇಡಿ. ಬಹಳ ಕಡೆ ಮಂಗಳವಾರ ಬಾಗಿಲು ಹಾಕಿರ್ತಾರೆ. ಬುಧವಾರ, ಗುರುವಾರ ಮಧ್ಯಾಹ್ನ ಹೋದ್ರೆ ಅಂಗಡಿ ಖಾಲಿ, ಅವರಿಗೂ ಮಾತಾಡೋಕೆ ಪುರುಸೊತ್ತು. ಫೋಟೋ ತೋರಿಸಿ, ಆದ್ರೆ ನಿಮ್ಮಂಥದ್ದೇ ಕೂದಲಿರೋರ ಫೋಟೋ. ಮುಂದೆ, ಪಕ್ಕ, ಹಿಂದೆ ಮೂರೂ ಕಾಣಬೇಕು. ಆಮೇಲೆ ಹೀಗೆ ಹೇಳಿ:

‘ಅಣ್ಣ, ಮೇಲೆ ನಾಲ್ಕು ಬೆರಳು ಉಳೀಲಿ. ಮುಂದೆ ಹುಬ್ಬಿನ ತನಕ ಬರಲಿ. ಪಕ್ಕದಲ್ಲಿ ಮಿಷನ್ ಬೇಡ, ಕತ್ತರಿಯಲ್ಲೇ ಮಾಡಿ. ಕಿವಿ ಸುತ್ತ, ಕತ್ತಿನ ಹಿಂದೆ ಮಾತ್ರ ಕ್ಲೀನ್ ಮಾಡಿ. ಮೊದಲು ಸ್ವಲ್ಪ ತೆಗೀರಿ, ನೋಡ್ಕೊಂಡು ಮುಂದೆ ಹೋಗೋಣ.’

ಮಿಷನ್ ಬೇಕೇ ಬೇಕು ಅನ್ನೋದಾದ್ರೆ ನಂಬರ್ ಗೊತ್ತಿರಲಿ. ಸಾಮಾನ್ಯವಾಗಿ 1 ಅಂದ್ರೆ 3 ಮಿಲಿಮೀಟರ್, 2 ಅಂದ್ರೆ 6, 4 ಅಂದ್ರೆ ಸುಮಾರು 13. ಫೇಡ್, ಟೇಪರ್ ಎರಡೂ ಒಂದೇ ಅಲ್ಲ. ಫೇಡ್‌ನಲ್ಲಿ ಕೆಳಗೆ ಚರ್ಮ ಕಾಣೋವರೆಗೂ ಇಳಿಸ್ತಾರೆ, ಎರಡು ಮೂರು ವಾರಕ್ಕೇ ಅದರ ಅಂಚು ಹೋಗುತ್ತೆ. ಟೇಪರ್‌ನಲ್ಲಿ ನಿಧಾನಕ್ಕೆ ಸಣ್ಣದಾಗ್ತಾ ಬರುತ್ತೆ, ಕೂದಲು ಉಳಿದಿರುತ್ತೆ. ಮೀಡಿಯಂ ಉದ್ದಕ್ಕೆ ಟೇಪರ್ ಒಪ್ಪುತ್ತೆ, ಖರ್ಚೂ ಕಡಿಮೆ. ಹಲ್ಲು ಹಲ್ಲಿನ ಕತ್ತರಿ ದಟ್ಟ ಕೂದಲಿಗೆ ಸರಿ, ತೆಳ್ಳಗಿದ್ರೆ ಬೇಡ ಅನ್ನಿ. ಮುಖ್ಯವಾಗಿ, ಮೊಬೈಲ್ ಜೇಬಲ್ಲಿಡಿ. ನಾನು ಇಟ್ಟಿರಲಿಲ್ಲ.

ಎರಡರಿಂದ ನಾಲ್ಕನೇ ತಿಂಗಳು

ಬಹಳ ಜನ ಸೋಲೋದು ಇಲ್ಲೇ. ಕಿವಿ ಮೇಲೆ ಉಬ್ಬಿಕೊಳ್ಳುತ್ತೆ, ಕತ್ತಿನ ಹಿಂದೆ ಬಾತುಕೋಳಿ ಬಾಲ. ಆಫೀಸಲ್ಲಿ ‘ಹುಷಾರಿಲ್ವಾ?’ ಅಂತಾರೆ, ಮನೆಯಲ್ಲಿ ‘ಏನೋ ಇದು ಹಿಪ್ಪಿ ಥರ’ ಅಂತಾರೆ. 2020ರ ಲಾಕ್‌ಡೌನಲ್ಲಿ ಸಲೂನ್‌ಗಳು ಸುಮಾರು ಎರಡು ತಿಂಗಳು ಮುಚ್ಚಿದ್ದಾಗ ನಮ್ಮಲ್ಲಿ ಎಷ್ಟೋ ಜನ ಈ ಹಂತವನ್ನ ಮೊದಲ ಸಲ ನೋಡಿದ್ದು. ಬಾಗಿಲು ತೆಗೆದ ದಿನವೇ ಓಡಿ ಹೋಗಿ ಬೋಳಿಸಿಕೊಂಡ್ವಿ.

ಉಪಾಯ ಸುಲಭ. ನಾಲ್ಕೈದು ವಾರಕ್ಕೊಮ್ಮೆ ಹೋಗಿ, ಆದ್ರೆ ಕತ್ತಿನ ಅಂಚು, ಕಿವಿ ಸುತ್ತ, ಸೈಡ್‌ಲಾಕ್ ಮಾತ್ರ ತಿದ್ದಿಸಿ. ಮೇಲೆ ಮುಟ್ಟಿಸಬೇಡಿ. ಅಂಚು ನೀಟಾಗಿದ್ರೆ ನೋಡೋರಿಗೆ ಇದು ಸೋಮಾರಿತನ ಅಲ್ಲ, ಬೇಕಂತಲೇ ಬಿಟ್ಟಿರೋದು ಅಂತ ಗೊತ್ತಾಗುತ್ತೆ. ಇಂಟರ್ವ್ಯೂ ಇದ್ರೂ ಇಷ್ಟೇ ಸಾಕು.

ಸ್ಟೈಲ್ ಆಗೋದು ಒಣಗೋವಾಗ

ಇದೊಂದು ವಿಜ್ಞಾನ ತಿಳ್ಕೊಂಡ್ರೆ ಅರ್ಧ ದುಡ್ಡು ಉಳಿಯುತ್ತೆ. ಕೂದಲು ಕೆರಾಟಿನ್ ಅನ್ನೋ ಪ್ರೋಟೀನ್‌ನಿಂದ ಆಗಿದೆ. ಅದರ ಆಕಾರ ಹಿಡಿದಿಡೋ ಬಂಧಗಳಲ್ಲಿ ಒಂದು ಹೈಡ್ರೋಜನ್ ಬಂಧ. ನೀರು ತಾಗಿದಾಗ ಅದು ಬಿಚ್ಚಿಕೊಳ್ಳುತ್ತೆ, ಒಣಗಿದಾಗ ಮತ್ತೆ ಕಟ್ಟಿಕೊಳ್ಳುತ್ತೆ. ಕಟ್ಟಿಕೊಳ್ಳೋ ಹೊತ್ತಿಗೆ ಕೂದಲು ಹೇಗಿತ್ತೋ ಅದೇ ಆಕಾರ ಆ ದಿನಕ್ಕೆ ಖಾಯಂ. ಒದ್ದೆ ತಲೆಯಲ್ಲಿ ಮಲಗಿದ್ರೆ ಬೆಳಗ್ಗೆ ಕೋಳಿ ಜುಟ್ಟು ಏಳೋದು ಅದಕ್ಕೇ.

ಹಾಗಾಗಿ ಟವೆಲ್‌ನಿಂದ ಗಸಗಸ ಉಜ್ಜಬೇಡಿ. ಒದ್ದೆ ಕೂದಲು ಬಲಹೀನ, ಬೇಗ ತುಂಡಾಗುತ್ತೆ. ಒತ್ತಿ ನೀರು ತೆಗೀರಿ. ಮುಕ್ಕಾಲು ಪಾಲು ಒಣಗಿದಾಗ ಬೆರಳಲ್ಲೇ ಬೇಕಾದ ದಿಕ್ಕಿಗೆ ಹಾಕಿ. ಎತ್ತರ ಬೇಕಾದ್ರೆ ಬುಡದಿಂದ ಎತ್ತಿ ಹಿಡಿದು ಒಣಗಿಸಿ. ಡ್ರೈಯರ್ ಇದ್ರೆ ಮಧ್ಯಮ ಬಿಸಿ, ಅಂಗೈಯಗಲ ದೂರ, ಕೊನೆಗೆ ತಣ್ಣನೆ ಗಾಳಿ.

ಆಮೇಲೆ ಹಚ್ಚೋ ಸಾಮಾನು. ತೆಳು ಕೂದಲಿಗೆ ಸೀ ಸಾಲ್ಟ್ ಸ್ಪ್ರೇ ಅಥವಾ ಹೊಳಪಿಲ್ಲದ ಕ್ಲೇ. ನೀಟಾದ ಬೈತಲೆಗೆ ನೀರಲ್ಲಿ ಕರಗೋ ಪೋಮೇಡ್. ಗುಂಗುರಿಗೆ ಒದ್ದೆಯಾಗಿದ್ದಾಗಲೇ ಕ್ರೀಮ್. ಜೆಲ್ ಒಣಗಿ ಗಟ್ಟಿಯಾಗುತ್ತೆ, ಮೀಡಿಯಂ ಕೂದಲು ಅಲುಗಾಡಿದ್ರೇನೇ ಚೆಂದ. ಕ್ಲೇ, ಪೋಮೇಡ್ ಆದ್ರೆ ಕಡಲೆಕಾಳಿನಷ್ಟು ಸಾಕು. ಅಂಗೈಯಲ್ಲಿ ಪೂರ್ತಿ ಉಜ್ಜಿ, ಹಿಂದಿನಿಂದ ಶುರು ಮಾಡಿ, ಮುಂದೆ ಕೊನೆಗೆ. ಮುಂದಿನಿಂದ ಶುರು ಮಾಡಿದ್ರೆ ಎಲ್ಲಾ ಜಿಡ್ಡು ಹಣೆ ಮೇಲೇ ಕೂರುತ್ತೆ.

ಹೆಲ್ಮೆಟ್ ಪ್ರಶ್ನೆ ಬರುತ್ತೆ ಅಂತ ಗೊತ್ತು. ಹೆಲ್ಮೆಟ್ ಕೂದಲು ಉದುರಿಸಲ್ಲ, ದಯವಿಟ್ಟು ಹಾಕ್ಕೊಳ್ಳಿ. ಆದ್ರೆ ಒದ್ದೆ ತಲೆಗೆ ಹಾಕಬೇಡಿ. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಒಗೀರಿ. ಇಳಿದ ಮೇಲೆ ಬೆರಳು ಸ್ವಲ್ಪ ಒದ್ದೆ ಮಾಡಿ ಬುಡ ಎತ್ತಿ ಬಿಡಿ, ಬಂಧದ ಲೆಕ್ಕ ನೆನಪಿದೆಯಲ್ಲ.

ನೀರಿನ ವಿಷಯ. ಹಾಸನದ ಮನೆಯಲ್ಲಿದ್ದಾಗ ಮೆತ್ತಗಿದ್ದ ನನ್ನ ಕೂದಲು ಬೆಂಗಳೂರಿನ ಪಿಜಿಗೆ ಬಂದ ಮೇಲೆ ತೆಂಗಿನ ನಾರಿನ ಹಾಗಾಯ್ತು. ಬೋರ್‌ವೆಲ್ ನೀರು ಗಡಸು, ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಹಾಕಿದ್ರೆ ಬಿಳಿ ಪದರ ಕೂರುತ್ತೆ, ಅದಕ್ಕೇ ಮೈ ಸೋಪು ತಲೆಗೆ ಬೇಡ. ಶಾಂಪೂ ಬುಡಕ್ಕೆ, ಕಂಡೀಷನರ್ ತುದಿಗೆ. ಕೊಬ್ಬರಿ ಎಣ್ಣೆ ಒಳ್ಳೇದೇ, ಕೂದಲಿನೊಳಗೆ ಇಳಿದು ಪ್ರೋಟೀನ್ ನಷ್ಟ ತಡೆಯುತ್ತೆ. ಆದ್ರೆ ತಲೆ ಸ್ನಾನಕ್ಕೆ ಮುಂಚೆ ಹಚ್ಚಿ, ಆಫೀಸಿಗೆ ಹೋಗೋ ಮುಂಚೆ ಅಲ್ಲ. ಹೊಟ್ಟು ಇದ್ದವರು ಎಣ್ಣೆ ಹಚ್ಚಿ ಬಿಡಬೇಡಿ, ಹೊಟ್ಟಿಗೆ ಕಾರಣವಾಗೋ ಶಿಲೀಂಧ್ರಕ್ಕೆ ಜಿಡ್ಡೇ ಊಟ.

ನಾನು ಹೇಳದೇ ಇದ್ದ ಮಾತು

ನಾನು ಕೂದಲು ಬಿಟ್ಟಿದ್ದು ಮದುವೆಗೆ ಅಂದೆ. ಅದು ಅರ್ಧ ಸತ್ಯ. 25 ದಾಟಿದ ಮೇಲೆ ಹಣೆಯ ಎರಡೂ ಮೂಲೆ ಹಿಂದಕ್ಕೆ ಹೋಗ್ತಿತ್ತು. ಅದನ್ನ ಮುಚ್ಚೋಕೆ ಬಿಟ್ಟಿದ್ದೆ. ಮನೇಲಿ ಯಾರಿಗೂ ಹೇಳಿರಲಿಲ್ಲ. ಎರಡನೇ ಸಲ ಬೆಳೆಸ್ತಿದ್ದಾಗ ಬೇರೊಂದು ಅಂಗಡಿಯ ಅಣ್ಣ ಅಂಗಡಿ ಖಾಲಿಯಿದ್ದಾಗ ಮೆಲ್ಲಗೆ ಕೇಳಿದ್ರು: ‘ಸರ್, ಮುಂದೆ ತೆಳ್ಳಗಾಗ್ತಿದೆ. ಉದ್ದ ಬಿಟ್ಟಷ್ಟೂ ಸೀಳಿಕೊಂಡು ಜಾಸ್ತಿ ಕಾಣುತ್ತೆ. ಮುಂದೆ ಮೂರು ಬೆರಳಿಗೆ ಇಳಿಸಲಾ?’ ಒಂದು ನಿಮಿಷ ಮುಖ ಕೆಂಪಾಯ್ತು. ಆಮೇಲೆ ಹ್ಞೂಂ ಅಂದೆ. ಎರಡು ವರ್ಷದಲ್ಲಿ ನನಗೆ ಒಪ್ಪಿದ ಮೊದಲ ಕಟಿಂಗ್ ಅದು.

ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ, ಅದಕ್ಕೆ ಹೆದರಬೇಡಿ. ಆದ್ರೆ ಹಣೆ ಮೂಲೆ ಹಿಂದೆ ಸರೀತಿದ್ರೆ, ನೆತ್ತಿ ತೆಳ್ಳಗಾಗ್ತಿದ್ರೆ ಅದು ಹೆಚ್ಚಾಗಿ ವಂಶಪಾರಂಪರ್ಯ ಮತ್ತು ಹಾರ್ಮೋನಿನ ಕೆಲಸ. ಚರ್ಮ ವೈದ್ಯರ ಹತ್ರ ಬೇಗ ಹೋಗಿ. ಹೋದದ್ದನ್ನ ತರೋದಕ್ಕಿಂತ ಇರೋದನ್ನ ಉಳಿಸೋದು ಸುಲಭ. ರೀಲ್ಸ್ ನೋಡಿ ಮಾತ್ರೆ, ಲೋಷನ್ ತರಿಸಬೇಡಿ. ಉದ್ದ ಕೂದಲನ್ನ ದಿನಾ ಬಿಗಿಯಾಗಿ ಗಂಟು ಕಟ್ಟೋರಿಗೂ ಎಚ್ಚರಿಕೆ: ಎಳೆತ ತಿಂಗಳುಗಟ್ಟಲೆ ಇದ್ರೆ ಆ ಜಾಗದಲ್ಲಿ ಬುಡವೇ ಹಾಳಾಗಿ ಕೂದಲು ಮತ್ತೆ ಬರದೇ ಇರಬಹುದು. ಸಡಿಲ ಕಟ್ಟಿ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಈ ವಿಷಯ ಹೇಳ್ದೆ. ಅವರು ಬೀರುವಿನಿಂದ ತಮ್ಮ 25ನೇ ವಯಸ್ಸಿನ ಫೋಟೋ ತೆಗೆದು ತೋರಿಸಿದ್ರು. ಕಿವಿ ಮುಚ್ಚೋಷ್ಟು ಕೂದಲು, ಹಣೆಯ ಎರಡೂ ಮೂಲೆ ಖಾಲಿ. ನನ್ನನ್ನ ಹಿಪ್ಪಿ ಅಂದವರು ಇವರೇ. ಇಬ್ರೂ ನಕ್ವಿ.

ಮುಂದಿನ ಸಲ ಕುರ್ಚಿಯಲ್ಲಿ ಕೂತಾಗ ಬೆರಳು ತೋರಿಸಿ ಅಳತೆ ಹೇಳಿ, ತೆಳ್ಳಗಾಗ್ತಿದ್ರೆ ಅದನ್ನೂ ಬಾಯಿಬಿಟ್ಟು ಹೇಳಿ. ಕತ್ತರಿ ಹಿಡಿದವರಿಗೆ ಗೊತ್ತಿದ್ರೇ ತಾನೇ ಸಹಾಯ ಮಾಡೋಕಾಗೋದು. ಮುಂದಿನ ವಾರ ಸಿಗೋಣ, ನಮಸ್ಕಾರ.