ಕೊಪ್ಪಳದ ಕಿರುಹಳಿಯ ಕಥೆ

ಧೂಮಶಕಟವೆಂಬ ಶಬ್ದವು ಅಮರಕೋಶದಲ್ಲಿಲ್ಲ. ರೈಲುಗಾಡಿಯು ನಮ್ಮ ದೇಶಕ್ಕೆ ಬಂದ ಬಳಿಕ ಪಂಡಿತರು ಹೊಗೆಗೂ ಬಂಡಿಗೂ ಗಂಟುಹಾಕಿ ಅದನ್ನು ಕಟ್ಟಿದರು. ಹಳ್ಳಿಯ ಜನರಾದರೋ ಪಂಡಿತರ ದಾರಿ ಕಾಯದೆ ಉಗಿಬಂಡಿಯೆಂದು ಕರೆದುಬಿಟ್ಟರು. ಹೊಗೆಯೂ ಉಗಿಯೂ ಹೋಗಿ ಬಹುಕಾಲವಾಯಿತು. ಅವುಗಳ ಸಂಗಡ ಇನ್ನೊಂದು ವಸ್ತುವೂ ಹೋಯಿತು. ಅದನ್ನು ಕೇಳುವವರು ವಿರಳ. ಗದಗಿನಿಂದ ಕೊಪ್ಪಳದ ಮೇಲೆ ಹಾಯ್ದು ಹೊಸಪೇಟೆಗೆ ಹೋಗುತ್ತಿದ್ದ ಒಂದು ಮೀಟರು ಅಗಲದ ಕಿರುಹಳಿಯೇ ಆ ವಸ್ತು. ಇಂದಿನ ಅಗಲ ಹಳಿಯ ಕೆಳಗೆ ಅದರ ನೆಲ ಮಾತ್ರ ಉಳಿದಿದೆ.

ಈ ಹಳಿಯ ಹುಟ್ಟಿಗೆ ಕಾರಣವಾದದ್ದು ವ್ಯಾಪಾರವೊಂದೇ ಅಲ್ಲ, ಬರಗಾಲ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರ ವರೆಗೆ, ದಕ್ಷಿಣ ಹಿಂದುಸ್ಥಾನದಲ್ಲಿ ಬಿದ್ದ ಕ್ಷಾಮವು ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆಗಳನ್ನೂ, ಮೈಸೂರನ್ನೂ, ನಿಜಾಮರ ರಾಜ್ಯದ ನಮ್ಮ ಭಾಗವನ್ನೂ ಹಿಂಡಿಬಿಟ್ಟಿತು. ಆಗ ರಾಯಚೂರಿಗೆ ರೈಲು ಬಂದು ಕೆಲವು ವರ್ಷಗಳಾಗಿದ್ದವು. ಅಲ್ಲಿಯ ವರೆಗೆ ಧಾನ್ಯದ ಚೀಲಗಳು ಗಾಡಿಯಲ್ಲಿ ಬರಬಹುದಾಗಿತ್ತು. ಅಲ್ಲಿಂದ ಮುಂದೆ? ಎತ್ತಿನ ಬಂಡಿಯೇ ಗತಿ. ಆದರೆ ಬರದಲ್ಲಿ ಮನುಷ್ಯನಿಗಿಂತ ಮೊದಲು ಸಾಯುವದು ಎತ್ತು. ಮೇವಿಲ್ಲದ ಎತ್ತು ಬಂಡಿಯನ್ನೆಳೆಯಲಾರದು. ಎಳೆದರೂ ದಾರಿಯಲ್ಲಿ ತಿನ್ನಲು ಅದಕ್ಕೆ ಬೇಕಾಗುವ ಮೇವನ್ನು ಹೇರಿದ ಮೇಲೆ ಜನರ ಕಾಳಿಗೆ ಬಂಡಿಯಲ್ಲಿ ಸ್ಥಳವೆಷ್ಟು ಉಳಿದೀತು? ಒಂದು ಸೀಮೆಯಲ್ಲಿ ಧಾನ್ಯವಿದ್ದೂ ನೆರೆಯ ಸೀಮೆಯಲ್ಲಿ ಹಸಿವು ಇದ್ದುದಕ್ಕೆ ಇದೊಂದು ಮುಖ್ಯ ಕಾರಣವು. ಕ್ಷಾಮದ ವಿಚಾರಣೆಗೆ ನೇಮಿಸಿದ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿ, ಬರ ಬೀಳುವ ಪ್ರಾಂತಗಳಿಗೆ ಐದು ಸಾವಿರ ಮೈಲುಗಳ ರೈಲುಹಾದಿಯನ್ನು ತಡವಿಲ್ಲದೆ ಹಾಕಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. ಅದರ ಮುಖ್ಯ ಕಚೇರಿಯು ಧಾರವಾಡದಲ್ಲಿತ್ತು, ಕಾರ್ಖಾನೆಯು ಹುಬ್ಬಳ್ಳಿಯಲ್ಲಾಯಿತು. 1884ರಲ್ಲಿ ಕಂಪನಿಯ ಗಾಡಿಗಳು ಓಡಹತ್ತಿದವು. ಆ ದಶಕವು ಮುಗಿಯುವಷ್ಟರಲ್ಲಿ ಕೊಪ್ಪಳದ ಬಯಲಿನಲ್ಲಿಯೂ ಸಿಳ್ಳು ಕೇಳಿಸಿತು.

ಹಳಿಯು ಒಂದು ಮೀಟರೇ ಏಕೆ? ಇದರಲ್ಲೊಂದು ವಿನೋದವಿದೆ. ಡಾಲ್‌ಹೌಸಿಯ ಕಾಲದಲ್ಲಿ ಈ ದೇಶದ ಹಳಿಗಳ ನಡುವಿನ ಅಂತರವನ್ನು ಐದೂವರೆ ಅಡಿಯೆಂದು ನಿಶ್ಚಯಿಸಿದ್ದರು. ಅದಕ್ಕೆ ತಗಲುವ ವೆಚ್ಚವನ್ನು ಕಂಡು ಹೆದರಿದ ಲಾರ್ಡ್ ಮೇಯೋನ ಸರಕಾರವು 1870ರಲ್ಲಿ ಇನ್ನುಮುಂದಿನ ಸಾಧಾರಣ ಮಾರ್ಗಗಳಿಗೆ ಕಿರಿಯ ಅಳತೆ ಸಾಕೆಂದಿತು. ಆಗ ಹಿಂದುಸ್ಥಾನದಲ್ಲಿ ಮೀಟರು ಪದ್ಧತಿಯ ತೂಕ ಅಳತೆಗಳನ್ನು ತರುವ ವಿಚಾರವು ನಡೆದಿತ್ತು. ಆದ್ದರಿಂದ ಮೂರು ಅಡಿ ಮೂರು ಅಂಗುಲಕ್ಕೆ ತುಸು ಮೇಲಾಗುವ ಒಂದು ಮೀಟರನ್ನು ಆರಿಸಿದರು. ಮುಂದೆ ಆ ವಿಚಾರವು ಕಾಗದದ ಮೇಲೆಯೇ ನಿಂತಿತು. ಅಂಗಡಿಯಲ್ಲಿ ಸೇರು, ಮಣ, ಗಜಗಳು ಮುಂದುವರಿದವು. 1956ರ ಕಾಯದೆಯ ಬಳಿಕವಷ್ಟೇ ನಮ್ಮ ಹೆಣ್ಣುಮಕ್ಕಳು ಬಟ್ಟೆಯನ್ನು ಮೀಟರಿನಿಂದ ಅಳೆಸಿ ಕೊಂಡದ್ದು. ಅಷ್ಟು ಕಾಲ ಇಡೀ ಸೀಮೆಯಲ್ಲಿ ಮೀಟರಿನ ಅಳತೆಗೆ ನಡೆದುಕೊಂಡದ್ದು ಈ ರೈಲುಹಳಿಯೊಂದೇ ಎಂದರೂ ಸಲ್ಲುವದು.

ಕೊಪ್ಪಳಕ್ಕೆ ರೈಲು ಬಂದದ್ದು ಕೊಪ್ಪಳದ ಪುಣ್ಯದಿಂದಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಗದಗವು ಮುಂಬಯಿ ಇಲಾಖೆಯಲ್ಲಿ, ಹೊಸಪೇಟೆಯು ಮದ್ರಾಸು ಇಲಾಖೆಯಲ್ಲಿ. ಇವೆರಡನ್ನು ಕೂಡಿಸಬೇಕಾದರೆ ನಡುವೆ ನಿಜಾಮರ ರಾಜ್ಯದ ಒಂದು ಮೂಲೆಯನ್ನು, ಅಲ್ಲಿಯೂ ಸಾಲಾರ್ ಜಂಗ್ ಮನೆತನದ ಜಹಗೀರಿಯನ್ನು ದಾಟಲೇಬೇಕಾಗಿತ್ತು. ಹೀಗೆ ನೂರು ಕಿಲೋಮೀಟರಿಗೂ ಕಡಿಮೆಯಾದ ದೂರದಲ್ಲಿ ಒಂದೇ ಗಾಡಿಯು ಮೂರು ಆಡಳಿತಗಳ ನೆಲವನ್ನು ತುಳಿಯುತ್ತಿತ್ತು. ಸರಕಾರದ ಕಲ್ದಾರ ರೂಪಾಯಿ ಒಂದು, ನಿಜಾಮರ ಹಾಲಿ ಸಿಕ್ಕಾ ಇನ್ನೊಂದು. ಸೀಮೆ ದಾಟುವವನ ಸಂಚಿಯಲ್ಲಿ ಎರಡೂ ಇರಬೇಕು. ಬನ್ನಿಕೊಪ್ಪ, ತಳಕಲ್, ಭಾನಾಪುರ, ಕೊಪ್ಪಳ, ಗಿಣಿಗೇರಾ, ಮುನಿರಾಬಾದ ಎಂಬ ನಿಲ್ದಾಣಗಳು ದಾರಿಯ ಬದಿಗೆ ಬಿದ್ದ ಊರುಗಳಿಗೆ ದೊರೆತ ಲಾಭವು. ಹತ್ತು ಹರದಾರಿ ಬದಿಗಿದ್ದ ಊರುಗಳಿಗೆ ಏನೂ ದೊರೆಯಲಿಲ್ಲ.

ಕಂಪನಿಗೆ ಬರಕ್ಕಿಂತ ಅರಳೆಯ ಮೇಲೆ ಕಣ್ಣು ಹೆಚ್ಚಾಗಿತ್ತೆಂದರೆ ಅನ್ಯಾಯವಾಗದು. 1888ರಲ್ಲಿ ಪೋರ್ತುಗೀಜರ ಗೋವೆಯ ಘಟ್ಟವನ್ನೇರಿ ಹಳಿಯು ಮುರಗೋವೆ ಬಂದರವನ್ನು ಮುಟ್ಟಿತು. ಅದೂ ಮೀಟರು ಹಳಿಯೇ ಆದುದರಿಂದ ಗದಗ ಹುಬ್ಬಳ್ಳಿಗಳ ಅರಳೆಯ ಅಂಡಿಗೆಗಳು ಎಲ್ಲಿಯೂ ಇಳಿಯದೆ ಸಮುದ್ರದ ದಂಡೆಗೆ ಹೋದವು. ಪೂರ್ವದ ಕಡೆಗೆ ಮಾತ್ರ ಅಂಥ ಸೌಖ್ಯವಿರಲಿಲ್ಲ. ಗುಂತಕಲ್ಲಿನಲ್ಲಿ ಮದ್ರಾಸು–ಮುಂಬಯಿಯ ಅಗಲ ಹಳಿಯು ಎದುರಾಗುತ್ತಿತ್ತು. ಸಣ್ಣ ಗಾಡಿಯ ಚೀಲಗಳನ್ನೆಲ್ಲ ಹಮಾಲರು ಬೆನ್ನ ಮೇಲೆ ಹೊತ್ತು ದೊಡ್ಡ ಗಾಡಿಗೆ ತುಂಬಬೇಕು. ಹೊತ್ತು ಹೋಗುವದು, ಮಾಲು ಚೆಲ್ಲುವದು, ಕೂಲಿ ಏರುವದು. ಅಗ್ಗವಾಗಲೆಂದು ಹಾಕಿದ ಹಳಿಯು ಕೂಡುದಾಣದಲ್ಲಿ ತನ್ನ ಉಳಿತಾಯವನ್ನು ಹೀಗೆ ಮರಳಿ ಕಕ್ಕುತ್ತಿತ್ತು. ಕಂಪನಿಯು 1908ರಲ್ಲಿ ಮದ್ರಾಸಿನ ಕಂಪನಿಯೊಡನೆ ಕೂಡಿ ಹೆಸರನ್ನು ಉದ್ದಮಾಡಿಕೊಂಡಿತು. 1944ರಲ್ಲಿ ಸರಕಾರವು ಅದನ್ನು ವಹಿಸಿಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆಯಾಯಿತು.

ನಾನು ಆ ಗಾಡಿಯಲ್ಲಿ ಹುಬ್ಬಳ್ಳಿಗೆ ಓದಲು ಹೋಗುತ್ತಿದ್ದೆನು. ಅದರ ವೇಗವನ್ನು ಹೊಗಳಲಾರೆ. ಕಿಡಕಿಯ ಬಳಿ ಕುಳಿತವನ ಕಣ್ಣಿಗೆ ಇದ್ದಿಲ ಹರಳು ಬೀಳುವದು ನಿಶ್ಚಯ; ಧೋತರವು ಬಿಳಿಯಾಗಿ ಹತ್ತಿ ಬೂದಿಬಣ್ಣವಾಗಿ ಇಳಿಯುವದು. ಹುಲಿಗಿಯ ಅಮ್ಮನಿಗೆ ನಡೆದುಕೊಳ್ಳುವವರು ಹುಣ್ಣಿವೆಯ ಹೊತ್ತಿಗೆ ಮುನಿರಾಬಾದದಲ್ಲಿ ಇಳಿಯುವಾಗ ಡಬ್ಬಿಯೇ ಬರಿದಾಗುತ್ತಿತ್ತು. ಬುತ್ತಿಯ ಗಂಟು, ಎಣ್ಣೆ ಹಚ್ಚಿದ ರೊಟ್ಟಿ, ಹಸಿ ಉಳ್ಳಾಗಡ್ಡಿಗಳ ವಾಸನೆಯು ಮಾತ್ರ ಹೊಸಪೇಟೆಯ ವರೆಗೆ ನಮ್ಮ ಸಂಗಡ ಬರುತ್ತಿತ್ತು.

ಈಗ ಈ ಲೇಖನದ ಮುಖ್ಯ ಮಾತಿಗೆ ಬರುವೆನು. ಬರವನ್ನು ತಡೆಯಲು ರೈಲು ಬೇಕೋ ನೀರು ಬೇಕೋ ಎಂಬ ವಾದವು ಆ ಕಾಲದಲ್ಲಿಯೇ ನಡೆದಿತ್ತು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಸರ್ ಆರ್ಥರ್ ಕಾಟನ್ ಎಂಬ ಎಂಜಿನಿಯರನು ಹಣವನ್ನೆಲ್ಲ ಕಬ್ಬಿಣಕ್ಕೆ ಸುರಿಯಬೇಡಿರಿ, ಕಾಲುವೆಗಳನ್ನು ತೋಡಿರಿ ಎಂದು ಮುದುಕನಾಗುವ ವರೆಗೆ ಹೇಳುತ್ತಲೇ ಇದ್ದನು. ರೈಲು ಧಾನ್ಯವನ್ನು ತರಬಲ್ಲದು, ಒಯ್ಯಲೂ ಬಲ್ಲದು. ಬೆಲೆ ಹೆಚ್ಚಿದ ಕಡೆಗೆ ಅದು ಓಡುವದು. ಕಾಲುವೆಯಾದರೋ ಇದ್ದಲ್ಲಿಯೇ ಬೆಳೆಸುವದು. ಈ ವಾದಕ್ಕೆ ನಮ್ಮ ನಾಲ್ಕು ತಾಲೂಕುಗಳಷ್ಟು ಸ್ಪಷ್ಟವಾದ ಉದಾಹರಣೆಯು ಬೇರೆಡೆ ಸಿಕ್ಕದು. ಕೊಪ್ಪಳಕ್ಕೆ ಮೊದಲೇ ರೈಲು ಸಿಕ್ಕಿತು. ಗಂಗಾವತಿಯಲ್ಲಿ ವಿಜಯನಗರದ ಅರಸರ ಕಾಲುವೆಗಳು ಮೊದಲೇ ಇದ್ದವು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ಕಾಲುವೆಯಿಂದ ಅದು ಭತ್ತದ ಕಣಜವೇ ಆಯಿತು. ಆದರೆ ರೈಲಿಲ್ಲ, ಅಕ್ಕಿಯೆಲ್ಲ ಲಾರಿಯ ಮೇಲೆಯೇ ಹೋಗಬೇಕು. ಕುಷ್ಟಗಿ, ಯಲಬುರ್ಗಾಗಳಿಗೆ ಹಳಿಯೂ ಇಲ್ಲ, ಕಾಲುವೆಯೂ ಇಲ್ಲ. ಬರದ ಹೆಸರಿನಿಂದ ಹುಟ್ಟಿದ ಹಳಿಯು ಬರವು ತಪ್ಪದ ತಾಲೂಕುಗಳನ್ನೇ ಬಿಟ್ಟು ಹೋಗಿತ್ತು. ಅಲ್ಲಿಯ ಜನರು ಮಳೆ ಕೈಕೊಟ್ಟ ವರ್ಷ ಮನೆಗೆ ಕೀಲಿ ಹಾಕಿ, ಮುದುಕರನ್ನು ಕಟ್ಟೆಯ ಮೇಲೆ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಅಂಥ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಹಾಕಿದ ಕೈ ನನ್ನದೂ ಇದೆ.

1990ರ ದಶಕದಲ್ಲಿ ದೇಶಕ್ಕೆಲ್ಲ ಒಂದೇ ಅಗಲವಿರಬೇಕೆಂಬ ಧೋರಣೆಯು ಬಂದಾಗ ನಮ್ಮ ಕಿರುಹಳಿಯನ್ನು ಕಿತ್ತರು. ಗುಂತಕಲ್ಲಿನ ಹೊರೆ ಇಳಿಸಿ ಏರಿಸುವ ಪೀಡೆಯು ತೊಲಗಿತು. ಅದು ಯೋಗ್ಯವೇ ಆಯಿತು. ಆದರೆ ಕಿರಿಯ ಹಳಿಯೆಂದರೆ ಹಿಂದುಳಿದ ಹಳಿಯೆಂದು ಕೆಲವರು ಹಳಿಯುವದನ್ನು ನಾನು ಒಪ್ಪಲಾರೆ. ಸ್ವಿಟ್ಝರ್ಲಂಡ ದೇಶದ ಗ್ರಾವುಬುಂಡೆನ್ ಎಂಬ ಗುಡ್ಡಗಾಡಿನಲ್ಲಿ ಇದೇ ಒಂದು ಮೀಟರಿನ ಹಳಿಯು ಇಂದಿಗೂ ಓಡುತ್ತಿದೆ. ಹೋಲ್ಸ್‌ಬೋಯರ್ ಎಂಬ ಡಚ್ಚನು ಕ್ಷಯರೋಗ ಪೀಡಿತಳಾದ ಹೆಂಡತಿಯನ್ನು ಕರೆದುಕೊಂಡು 1867ರಲ್ಲಿ ದಾವೋಸ್ ಎಂಬ ಎತ್ತರದ ಊರಿಗೆ ಬಂದನು. ಆಕೆ ಉಳಿಯಲಿಲ್ಲ, ಅವನು ಅಲ್ಲಿಯೇ ಉಳಿದು, ರೋಗಿಗಳು ಏರಿಬರಲು ರೈಲು ಬೇಕೆಂದು ಹಟಹಿಡಿದು ಸಾಧಿಸಿದನು. 1890ರಲ್ಲಿ ಗಾಡಿಯು ದಾವೋಸನ್ನು ಮುಟ್ಟಿತು. ಬೆಟ್ಟದ ಮಗ್ಗುಲಲ್ಲಿ ಬಿಗಿಯಾಗಿ ಹೊರಳಲು ಕಿರಿಯ ಹಳಿಯೇ ಅನುಕೂಲವು. ಆ ಸಂಸ್ಥೆಯ ಎರಡು ಮಾರ್ಗಗಳನ್ನು 2008ರಲ್ಲಿ ಜಗತ್ತಿನ ಪರಂಪರೆಯ ಸ್ಥಾನಗಳಲ್ಲಿ ಎಣಿಸಿದರು. 2022ರಲ್ಲಿ ಅವರು ಅದೇ ಕಿರುಹಳಿಯ ಮೇಲೆ ನೂರು ಡಬ್ಬಿಗಳ, ಸುಮಾರು ಎರಡು ಕಿಲೋಮೀಟರು ಉದ್ದದ ಗಾಡಿಯನ್ನು ಓಡಿಸಿ ಜಗತ್ತನ್ನೇ ಬೆರಗುಗೊಳಿಸಿದರು. ದೂರವೇಕೆ? ನಮ್ಮ ನೀಲಗಿರಿಯ ಗಾಡಿಯೂ ಮೀಟರು ಹಳಿಯದೇ. ಅದರ ಹಲ್ಲುಪಟ್ಟಿಯ ಉಪಾಯವು ಅಬ್ಟ್ ಎಂಬ ಸ್ವಿಸ್ ಎಂಜಿನಿಯರನದು. ಅದರ ಉಗಿಯಂತ್ರಗಳೂ ಸ್ವಿಟ್ಝರ್ಲಂಡಿನ ವಿಂಟರ್‌ಥುರ್ ಊರಿನಿಂದ ಬಂದವು. ಅವರ ಹಳಿಯು ಒಂದು ಕಣಿವೆಯ ಜನರಿಗಾಗಿ ಹುಟ್ಟಿ ಅವರಿಗಾಗಿಯೇ ಉಳಿಯಿತು. ನಮ್ಮದು ನಮ್ಮನ್ನು ದಾಟಿಹೋಗಲು ಹುಟ್ಟಿತ್ತು. ಭೇದವಿರುವದು ಅಗಲದಲ್ಲಲ್ಲ.

ಇತ್ತೀಚೆಗೆ ಬದಿಯ ಊರುಗಳ ಸರತಿಯು ಬಂದಿದೆ. ಮುನಿರಾಬಾದ–ಮೆಹಬೂಬನಗರ ಮಾರ್ಗವು 1997–98ರಲ್ಲಿ ಮಂಜೂರಾಯಿತು. ಗಿಣಿಗೇರಾದಲ್ಲಿ ಕವಲೊಡೆದ ಆ ಹಳಿಯು ಗಂಗಾವತಿಗೆ ಗಾಡಿಯನ್ನು ತಂದದ್ದು 2019ರಲ್ಲಿ; ಸಿಂಧನೂರಿಗೆ 2024ರಲ್ಲಿ. ಗದಗ–ವಾಡಿ ಮಾರ್ಗಕ್ಕೆ 2013–14ರಲ್ಲಿ ಒಪ್ಪಿಗೆ ದೊರೆಯಿತು. ಆ ಹಳಿಯು ತಳಕಲ್ಲಿನಿಂದ ಹೊರಟು ಕುಕನೂರು, ಯಲಬುರ್ಗಾಗಳ ಮೇಲೆ ಕುಷ್ಟಗಿಯನ್ನು ಸೇರಿ, 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ಪ್ರಯಾಣಿಕರ ಗಾಡಿಯು ಹೊರಟಿತು. ಆಯೋಗದ ವರದಿಗೆ ಆಗ 145 ವರ್ಷಗಳು ತುಂಬಿದ್ದವು. ಮುಂದಿನ ಹಳಿಯು ಲಿಂಗಸುಗೂರು, ಸುರಪುರ, ಶಹಾಪುರಗಳ ಮೇಲೆ ವಾಡಿಗೆ ಹೋಗತಕ್ಕದ್ದು. ಗುಳೆ ಹೋಗುವವರ ಗಂಟುಗಳು ಇನ್ನು ರೈಲಿನಲ್ಲಿಯೂ ಹೋಗುವವು. ಗಂಗಾವತಿಯ ಅಕ್ಕಿಯು ಅದೇ ಹಳಿಯ ಮೇಲೆ ಕುಷ್ಟಗಿಗೆ ಬರಬೇಕಾದರೆ ಗಿಣಿಗೇರಾ ತಳಕಲ್ಲುಗಳನ್ನು ಸುತ್ತಿ ಬರಬೇಕು. ಈ ಸಲ ನಡುದಾರಿಯಲ್ಲಿ ಗಾಡಿಯನ್ನು ಬದಲಿಸಿ ಹೊರೆಯನ್ನಿಳಿಸುವ ಕಾರಣವಿಲ್ಲ.